ಮನೆಯೊಳಗೆ ಸಿಕ್ಕಿದ್ದು ಯಾವ ಹಲ್ಲಿ? ದುರ್ಗದ ಮನೆಯಿಂದ ಒಂದು ಗುರುತು ಪತ್ತೆಯ ಕೈಪಿಡಿ

ಹೋದ ಮುಂಗಾರಿನ ಮೊದಲ ಮಳೆ ಬಿದ್ದ ರಾತ್ರಿ. ಚಿತ್ರದುರ್ಗದ ನಮ್ಮ ಮನೆಯ ಅಡುಗೆಮನೆಯಲ್ಲಿ, ಗ್ಯಾಸ್ ಸಿಲಿಂಡರ್ ಹಿಂದೆ ಏನೋ ಒಂದು ಕೂತಿತ್ತು. ಬೆರಳುದ್ದದ ಮೈ, ಅಷ್ಟೇ ಉದ್ದದ ದಪ್ಪ ಬಾಲ. ಕಂದು ಬಣ್ಣ, ಮೈ ಮೇಲೆ ಬಿಳಿ ಅಂಚಿನ ಅಡ್ಡ ಪಟ್ಟೆ. ಓಡಲಿಲ್ಲ. ನನ್ನನ್ನೇ ನೋಡುತ್ತಾ ಕೂತಿತ್ತು.

ಹತ್ತು ನಿಮಿಷದಲ್ಲಿ ಅದಕ್ಕೆ ನಾಲ್ಕು ಹೆಸರು ಬಿದ್ದವು. ಅತ್ತೆ ಬಾಗಿಲಲ್ಲೇ ನಿಂತು, "ಮುಟ್ಟಬೇಡ ಕಣಮ್ಮ, ಹಾವುರಾಣಿ ಮರಿ ಅದು, ವಿಷ ಐತೆ" ಅಂದರು. ಮೈದುನ ಫೋನಿನಲ್ಲಿ ಏನೋ ಹುಡುಕಿ, "ಅತ್ತಿಗೆ, ಇದು ಲೆಪರ್ಡ್ ಗೆಕೋ ಅನ್ನೋ ಸಾಕುವ ಹಲ್ಲಿ, ಸಾವಿರಾರು ರೂಪಾಯಿ ಬೆಲೆ ಬಾಳುತ್ತೆ" ಅಂದ. ಗಲಾಟೆ ಕೇಳಿ ಬಂದ ಪಕ್ಕದ ಮನೆಯವರು ಉಡದ ಮರಿ ಅಂತ ತೀರ್ಪು ಕೊಟ್ಟರು. ನಾನು ಮಾತ್ರ ಗಟ್ಟಿ ಮನಸ್ಸು ಮಾಡಿ, "ಸುಮ್ನೆ ಗೋಡೆ ಹಲ್ಲಿ, ಸ್ವಲ್ಪ ದಪ್ಪ ಆಗಿದೆ ಅಷ್ಟೇ" ಅಂದೆ.

ನಾಲ್ಕೂ ತಪ್ಪು. ನಾಲ್ವರೂ ಮಾಡಿದ ತಪ್ಪು ಒಂದೇ. ಬಣ್ಣ ನೋಡಿದೆವು, ಗಾತ್ರ ನೋಡಿದೆವು, ಬಾಲ ನೋಡಿದೆವು. ಹಲ್ಲಿ ಜಾತಿಯ ಪ್ರಾಣಿಗಳ ವಿಷಯದಲ್ಲಿ ಜಾಸ್ತಿ ಮೋಸ ಮಾಡುವುದು ಈ ಮೂರೇ. ನೋಡಬೇಕಾದ್ದು ಕಾಲ್ಬೆರಳು, ಕಣ್ಣು, ಚರ್ಮ. ಆಮೇಲೆ ಎಲ್ಲಿ ಸಿಕ್ಕಿತು, ಎಷ್ಟೊತ್ತಿಗೆ ಸಿಕ್ಕಿತು ಅನ್ನೋದು. ಮಿಕ್ಸಿ ಕೆಟ್ಟರೆ ಮೊದಲು ಪ್ಲಗ್ ನೋಡುತ್ತೇವೆ, ಆಮೇಲೆ ಫ್ಯೂಸ್, ಕೊನೆಗೆ ಮೋಟರ್ ಬಿಚ್ಚುತ್ತೇವೆ ಅಲ್ವಾ? ಇಲ್ಲೂ ಹಾಗೆ ಒಂದು ಕ್ರಮ ಇದೆ.

ಮುಟ್ಟುವ ಮೊದಲು

ಮೊದಲ ಪ್ರಶ್ನೆ: ಕಾಲು ಇದೆಯಾ? ನಗಬೇಡಿ. ಮಳೆಗಾಲದಲ್ಲಿ ಬಚ್ಚಲುಮನೆಯ ಮೋರಿಯಿಂದ ಕಪ್ಪಗೆ, ಹೊಳೆಯುವ, ಎರೆಹುಳದಂಥದ್ದು ಬರುತ್ತದೆ. ಅದನ್ನು ಎಷ್ಟೋ ಜನ ಹಾವುರಾಣಿ ಮರಿ ಅನ್ನುತ್ತಾರೆ. ಕಾಲು ಇಲ್ಲ, ಮೈಯಲ್ಲಿ ಎರೆಹುಳದ ಹಾಗೆ ಉಂಗುರಗಳಿಲ್ಲ, ಚುರುಕಾಗಿ ಹೊರಳಾಡುತ್ತಿದೆ ಅಂದರೆ ಅದು ಹುಳುಹಾವು. ಗೆದ್ದಲು, ಇರುವೆಯ ಮೊಟ್ಟೆ ತಿಂದು ಬದುಕುವ ಕುರುಡು ಹಾವು, ವಿಷ ಇಲ್ಲ. ನಮ್ಮ ಕಡೆಯ ಹಾವುರಾಣಿಗೆ ಎಷ್ಟೇ ಚಿಕ್ಕದಾದರೂ ನಾಲ್ಕು ಕಾಲು ಇದ್ದೇ ಇರುತ್ತದೆ.

ಕಾಲಿಲ್ಲದ್ದು ಪೆನ್ಸಿಲ್‌ಗಿಂತ ದಪ್ಪ ಇದ್ದರೆ, ಇಲ್ಲವೇ ಮೈ ಮೇಲೆ ಪಟ್ಟೆ ಇದ್ದರೆ ಈ ಕೈಪಿಡಿ ಅಲ್ಲಿಗೆ ನಿಲ್ಲಿಸಿ. ಅದರ ಬಗ್ಗೆ ಕೆಳಗೆ ಬೇರೆಯೇ ಹೇಳುತ್ತೇನೆ.

ಕಾಲು ಇದೆ ಅಂದಮೇಲೆ ಗಡಿಬಿಡಿ ಬೇಡ. ಮನುಷ್ಯರನ್ನು ಕೊಲ್ಲುವಂಥ ವಿಷದ ಹಲ್ಲಿ ನಮ್ಮ ದೇಶದಲ್ಲೇ ಇಲ್ಲ. ಹಾವುರಾಣಿಗೂ ಇಲ್ಲ, ಓತಿಕ್ಯಾತಕ್ಕೂ ಇಲ್ಲ, ಗೋಡೆ ಹಲ್ಲಿಗೂ ಇಲ್ಲ. ಪೊರಕೆ ಕೆಳಗಿಡಿ, ಫೋನ್ ತೆಗೀರಿ.

ಫೋಟೊ ಮೇಲಿನಿಂದ ಒಂದು, ಪಕ್ಕದಿಂದ ತಲೆಯದ್ದೊಂದು, ಸಾಧ್ಯವಾದರೆ ಕಾಲ್ಬೆರಳಿನದ್ದೊಂದು. ಹತ್ತಿರದಲ್ಲಿ ಒಂದು ಬೆಂಕಿಪೊಟ್ಟಣ ಇಟ್ಟರೆ ಆಮೇಲೆ ಅಳತೆ ಗೊತ್ತಾಗುತ್ತದೆ. ಹೆದರಿಕೆಯಲ್ಲಿ ನೋಡಿದ್ದು ಯಾವಾಗಲೂ ಎರಡರಷ್ಟು ದೊಡ್ಡದಾಗಿ ನೆನಪಿರುತ್ತದೆ. ನಮ್ಮ ಪಕ್ಕದ ಮನೆಯವರು ಆ ರಾತ್ರಿಯ ಪ್ರಾಣಿ ಒಂದು ಅಡಿ ಇತ್ತು ಅಂತ ಇವತ್ತಿಗೂ ಹೇಳುತ್ತಾರೆ. ಒಂದು ಗೇಣು ಕೂಡ ಇರಲಿಲ್ಲ.

ಮೊದಲ ಪರೀಕ್ಷೆ: ನುಣ್ಣನೆ ಗೋಡೆ ಹತ್ತುತ್ತದಾ?

ಇದೊಂದೇ ಪರೀಕ್ಷೆ ಅರ್ಧ ಕೆಲಸ ಮುಗಿಸುತ್ತದೆ. ಟೈಲ್ಸ್, ಕಿಟಕಿಯ ಗಾಜು, ಸ್ಟೀಲ್ ಡಬ್ಬ, ಬಣ್ಣ ಹೊಡೆದ ಗೋಡೆ, ಇವುಗಳ ಮೇಲೆ ಸಲೀಸಾಗಿ ಹತ್ತಿದರೆ ಅದರ ಬೆರಳಿನಡಿ ಅಗಲವಾದ ಮೆತ್ತೆ ಇದೆ. ಅಂದರೆ ಹಲ್ಲಿಯ ಕುಟುಂಬದ್ದು. ಆ ಮೆತ್ತೆಯಲ್ಲಿ ಪಟ್ಟಿ ಪಟ್ಟಿಯಾಗಿ ಮಡಿಕೆಗಳಿವೆ. ಮಡಿಕೆಗಳ ತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕೂದಲು. ಅಂಟೂ ಅಲ್ಲ, ಗಾಳಿ ಎಳೆದುಕೊಳ್ಳೋದೂ ಅಲ್ಲ. ಆ ಕೂದಲಿನ ತುದಿ ಗೋಡೆಗೆ ತೀರಾ ಹತ್ತಿರ ಬಂದಾಗ ಅಣುಗಳ ನಡುವೆ ಹುಟ್ಟುವ ಸಣ್ಣ ಸೆಳೆತ ಅದು.

ಕಿಟಕಿ ಗಾಜಿನ ಆಚೆ ಹಲ್ಲಿ ಕೂತಾಗ ಒಳಗಿನಿಂದ ಟಾರ್ಚ್ ಬಿಟ್ಟು ನೋಡಿ. ಬೆರಳಿನಡಿಯ ಮಡಿಕೆಗಳು ನಡುವೆ ಸೀಳಿದ ಹಾಗೆ ಎರಡು ಸಾಲಾಗಿ ಕಾಣುತ್ತವೆ. ನಮ್ಮ ಮನೆಗಳಲ್ಲಿರುವ ಹೆಚ್ಚಿನ ಹಲ್ಲಿಗಳು ಸೇರಿದ ಹೆಮಿಡ್ಯಾಕ್ಟೈಲಸ್ ಗುಂಪಿಗೆ ಅದೇ ಗುರುತು. ಮಕ್ಕಳಿಗೆ ತೋರಿಸಿ. ಹಲ್ಲಿ ಅಂದರೆ ಕಿರುಚುತ್ತಿದ್ದ ನಮ್ಮ ಮಗಳು ಇದನ್ನು ನೋಡಿದ ಮೇಲೆ ಕಿಟಕಿ ಬಿಟ್ಟು ಏಳಲಿಲ್ಲ.

ಓತಿಕ್ಯಾತ, ಹಾವುರಾಣಿ, ಉಡದ ಮರಿಗೆ ಬೆರಳಿನ ಮೆತ್ತೆ ಇಲ್ಲ, ಬರೀ ಉಗುರು. ಅವು ಒರಟು ಗಾರೆ ಗೋಡೆ, ಕಲ್ಲು ಕಟ್ಟಡ, ಪರದೆ ಹತ್ತಬಹುದು. ಟೈಲ್ಸ್ ಮೇಲೆ ಜಾರುತ್ತವೆ. ಬಕೆಟ್ಟಿಗೋ ಸಿಂಕಿಗೋ ಬಿದ್ದು ಮೇಲೆ ಬರಲಾಗದೆ ಒದ್ದಾಡುತ್ತಿದ್ದರೆ ಅನುಮಾನ ಈ ಕಡೆ ಹರಿಯಲಿ.

ನಮ್ಮ ಸಿಲಿಂಡರ್ ಹಿಂದಿನ ಪ್ರಾಣಿ, ಬೆಳಕು ಬಿಟ್ಟ ತಕ್ಷಣ ಪಕ್ಕದ ಅಕ್ಕಿಯ ಸ್ಟೀಲ್ ಡಬ್ಬದ ಮೇಲೆ ಎರಡು ಹೆಜ್ಜೆ ಇಟ್ಟು ನಿಂತಿತು. ಅಲ್ಲಿಗೆ ಅತ್ತೆಯ ಹಾವುರಾಣಿ ಬಿತ್ತು, ಪಕ್ಕದ ಮನೆಯವರ ಉಡವೂ ಬಿತ್ತು. ಮೈದುನನ ಲೆಪರ್ಡ್ ಗೆಕೋ ಕೂಡ ಬಿತ್ತು. ಆ ಜಾತಿಯ ಹಲ್ಲಿಗಳಿಗೆ ಮೆತ್ತೆ ಇರುವುದಿಲ್ಲ, ಅವು ನೆಲದವು.

ಎರಡನೇ ಪರೀಕ್ಷೆ: ರೆಪ್ಪೆ ಹೊಡೆಯುತ್ತದಾ?

ಐದು ನಿಮಿಷ ದೂರ ಕೂತು ನೋಡಿ. ಗೋಡೆ ಹಲ್ಲಿಗೆ ರೆಪ್ಪೆ ಇಲ್ಲ. ಕಣ್ಣಿನ ಮೇಲೆ ಪಾರದರ್ಶಕ ಪೊರೆ ಇದೆ, ಧೂಳು ಕೂತರೆ ನಾಲಿಗೆಯಿಂದ ನೆಕ್ಕಿಕೊಳ್ಳುತ್ತದೆ. ಓತಿಕ್ಯಾತ, ಹಾವುರಾಣಿ, ಉಡ ನಮ್ಮ ಹಾಗೆ ಕಣ್ಣು ಮುಚ್ಚಿ ತೆರೆಯುತ್ತವೆ. ಲೆಪರ್ಡ್ ಗೆಕೋಗೂ ರೆಪ್ಪೆ ಇದೆ, ಹಲ್ಲಿಗಳಲ್ಲಿ ಅದೊಂದು ಬೇರೆಯೇ ಮನೆತನ. ನಮ್ಮದು ಕಣ್ಣು ಮಿಟುಕಿಸಲಿಲ್ಲ. ಮೈದುನ ಎರಡನೇ ಸಲ ಸೋತ.

ಇಲ್ಲೊಂದು ಬಲೆ ಇದೆ. ಚಳ್ಳಕೆರೆ, ಜಗಳೂರು ಕಡೆಯ ಕುರುಚಲು ಬಯಲಲ್ಲಿ ತೆಳ್ಳಗೆ, ಉದ್ದ ಬಾಲದ, ಮೈ ಉದ್ದಕ್ಕೆ ಗೆರೆ ಎಳೆದ ಒಂದು ಸಣ್ಣ ಪ್ರಾಣಿ ಹಗಲು ಹೊತ್ತು ಬಾಣದ ಹಾಗೆ ಓಡುತ್ತದೆ. ಅದಕ್ಕೂ ಹಾವಿನ ಹಾಗೆ ರೆಪ್ಪೆ ಆಡುವುದಿಲ್ಲ, ಆದರೆ ಬೆರಳಿನ ಮೆತ್ತೆ ಇಲ್ಲ. ಒಫಿಸಾಪ್ಸ್ ಅನ್ನುವ ಗುಂಪು. ಮನೆಯೊಳಗೆ ಅಪರೂಪ. ಹೊಲದ ಮನೆಗಳ ಅಂಗಳಕ್ಕೆ ಬಂದು ತಲೆ ಕೆಡಿಸುತ್ತದೆ.

ಮೂರನೇ ಪರೀಕ್ಷೆ: ಚರ್ಮ

ಎಣ್ಣೆ ಹಚ್ಚಿದ ಹಾಗೆ ಹೊಳಪು, ಹೆಂಚು ಜೋಡಿಸಿದ ಹಾಗೆ ಒಂದರ ಮೇಲೊಂದು ಚಿಪ್ಪು, ಕುತ್ತಿಗೆ ಎಲ್ಲಿ ಮುಗಿಯಿತು ಮೈ ಎಲ್ಲಿ ಶುರುವಾಯಿತು ಅಂತ ಗೊತ್ತಾಗದ ಮೈಕಟ್ಟು: ಹಾವುರಾಣಿ.

ಒರಟು ಚಿಪ್ಪು, ಕುತ್ತಿಗೆಯ ಹಿಂದೆ ಗರಗಸದಂಥ ಮುಳ್ಳಿನ ಸಾಲು, ಕಡ್ಡಿಯಂಥ ಬೆರಳು, ಮೈಗಿಂತ ಎರಡರಷ್ಟು ಉದ್ದದ ಬಾಲ: ಓತಿಕ್ಯಾತ. ಮರಿಗೆ ಮುಳ್ಳು ಸರಿಯಾಗಿ ಎದ್ದಿರುವುದಿಲ್ಲ, ಆಗ ಬಾಲ, ಬೆರಳು ನೋಡಿ.

ಮೆತ್ತಗೆ, ತೆಳ್ಳಗೆ, ಮುಟ್ಟಿದರೆ ಹರಿದೇ ಹೋಗುತ್ತದೇನೋ ಅನ್ನಿಸುವ ಚರ್ಮ, ಕೆಲವದರಲ್ಲಿ ಮೇಲೆ ಸಾಸಿವೆ ಉದುರಿಸಿದ ಹಾಗೆ ಗುಬುಟು: ಹಲ್ಲಿ. ಈ ಗುಬುಟು ಎಷ್ಟು, ಎಲ್ಲೆಲ್ಲಿ ಅನ್ನೋದೇ ಯಾವ ಹಲ್ಲಿ ಅಂತ ಹೇಳುವ ಮುಖ್ಯ ಸುಳಿವು.

ಪರೀಕ್ಷೆ ಕೆಡಿಸುವ ಸಂಗತಿಗಳು

ಬಣ್ಣ. ಒಂದೇ ಗೋಡೆ ಹಲ್ಲಿ ರಾತ್ರಿ ಟ್ಯೂಬ್‌ಲೈಟ್ ಪಕ್ಕ ಹಾಲಿನ ಕೆನೆಯ ಹಾಗೆ ಬೆಳ್ಳಗಿರುತ್ತದೆ. ಹಗಲಲ್ಲಿ ಕ್ಯಾಲೆಂಡರ್ ಹಿಂದಿನಿಂದ ಓಡಿಸಿದರೆ ಬೂದಿ ಬಣ್ಣ, ಮೈ ಮೇಲೆ ಕಲೆ ಬೇರೆ. ನಾವು ಒಂದು ವರ್ಷ ನಮ್ಮ ಹಾಲ್‌ನಲ್ಲಿ ಎರಡು ಜಾತಿ ಹಲ್ಲಿ ಇವೆ ಅಂದುಕೊಂಡಿದ್ದೆವು. ಇದ್ದದ್ದು ಒಂದೇ. ಬಾಲದ ಬುಡದಲ್ಲಿದ್ದ ಗಾಯದ ಗುರುತಿನಿಂದ ಕೊನೆಗೆ ಗೊತ್ತಾಯಿತು.

ಬಾಲ. ಹಲ್ಲಿ ಬಾಲ ಕಳಚಿದ ಮೇಲೆ ಹೊಸದು ಬೆಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಹೊಸ ಬಾಲ ಹಳೆಯದರ ಹಾಗಿರುವುದಿಲ್ಲ ಅನ್ನೋದು ಗಮನಕ್ಕೆ ಬರುವುದಿಲ್ಲ. ಒಳಗೆ ಮೂಳೆಯ ಮಣಿಗಳ ಬದಲು ಮೃದ್ವಸ್ಥಿಯ ಒಂದೇ ಕಡ್ಡಿ. ಹೊರಗೆ ಪಟ್ಟೆ ಇಲ್ಲ, ಮುಳ್ಳಿನಂಥ ಗುಬುಟು ಇಲ್ಲ, ನುಣ್ಣಗೆ, ಕೆಲವು ಸಲ ಮೂಲಂಗಿಯಂತೆ ಊದಿರುತ್ತದೆ. ಹೀಗಾಗಿ ಬಾಲ ನೋಡಿ ಜಾತಿ ಹೇಳಬೇಕಾದರೆ ಮೊದಲು ಅದು ಅಸಲಿ ಬಾಲವಾ ಅಂತ ನೋಡಿ. ಬಣ್ಣ ಒಮ್ಮೆಲೇ ಬದಲಾದ ಗೆರೆ ಕಂಡರೆ ಅಲ್ಲಿಂದಾಚೆ ಹೊಸದು.

ಹಾಗೇ ಇನ್ನೊಂದು. ನೆಲದ ಮೇಲೆ ಬರೀ ಬಾಲ ಬಿದ್ದು ಕುಣಿಯುತ್ತಿದ್ದರೆ ಓಡಿಹೋದದ್ದು ಹಲ್ಲಿ ಇಲ್ಲವೇ ಹಾವುರಾಣಿ. ಓತಿಕ್ಯಾತ ಹೀಗೆ ಬಾಲ ಬಿಟ್ಟು ಓಡುವುದಿಲ್ಲ.

ಪೊರೆ. ಮೈಯೆಲ್ಲ ಬೆಳ್ಳಗೆ, ಕಾಗದ ಸುತ್ತಿದ ಹಾಗೆ ಕಂಡರೆ ರೋಗ ಅಲ್ಲ, ಹೊಸ ಜಾತಿಯೂ ಅಲ್ಲ. ಪೊರೆ ಬಿಡುತ್ತಿದೆ. ಹಲ್ಲಿ ಬಿಟ್ಟ ಪೊರೆಯನ್ನು ತಾನೇ ತಿನ್ನುತ್ತದೆ, ಅದಕ್ಕೇ ನಮಗೆ ಅದು ಸಿಗುವುದು ಕಡಿಮೆ.

ಲಕ್ಷಣ ನೋಡಿ ಪತ್ತೆ

ರಾತ್ರಿ, ಲೈಟಿನ ಪಕ್ಕ, ಎತ್ತರದಲ್ಲಿ. ನುಣ್ಣನೆ ಮೈ, "ಚಿಕ್ ಚಿಕ್" ಸದ್ದು, ಅಸಲಿ ಬಾಲದ ಅಂಚಿನಲ್ಲಿ ಸಣ್ಣ ಮುಳ್ಳಿನ ಸಾಲು. ಇದು ಹೆಮಿಡ್ಯಾಕ್ಟೈಲಸ್ ಫ್ರೆನೇಟಸ್, ಹಡಗು ಲಾರಿ ಹತ್ತಿ ಲೋಕವೆಲ್ಲ ಸುತ್ತಿದ ಗೋಡೆ ಹಲ್ಲಿ. ಅತ್ತೆ ಏನಾದರೂ ಮಾತಾಡುವಾಗ ಇದು ಲೊಚಗುಟ್ಟಿದರೆ, "ನೋಡು, ಹಲ್ಲಿನೂ ಹೂಂ ಅಂತು" ಅಂತ ನೆಲಕ್ಕೆ ಬೆರಳು ತಟ್ಟಿ "ಕೃಷ್ಣ ಕೃಷ್ಣ" ಅನ್ನುತ್ತಾರೆ. ಹಲ್ಲಿಯ ಲೆಕ್ಕದಲ್ಲಿ ಅದು ಇನ್ನೊಂದು ಹಲ್ಲಿಗೆ ಹೇಳಿದ ಮಾತು: ಈ ಟ್ಯೂಬ್‌ಲೈಟ್ ನಂದು. ಅತ್ತೆಗೆ ಇದನ್ನು ಹೇಳಿಲ್ಲ.

ಗೋಡೆಯ ಕೆಳಭಾಗ, ವರಾಂಡ, ಹೂಕುಂಡದ ಅಡಿ, ಚಪ್ಪಲಿ ಸ್ಟ್ಯಾಂಡ್ ಹತ್ತಿರ. ಮೈ ಮೇಲೆ ಸಾಲು ಸಾಲು ಗುಬುಟು, ಕಂದು ಕಪ್ಪು ಚುಕ್ಕಿ. ಇದು ಚುಕ್ಕಿ ಹಲ್ಲಿ. ಹಿಂದೆ ಇವನ್ನೆಲ್ಲ ಹೆಮಿಡ್ಯಾಕ್ಟೈಲಸ್ ಬ್ರೂಕಿ ಅಂತ ಒಂದೇ ಹೆಸರಲ್ಲಿ ಕರೆಯುತ್ತಿದ್ದರು. ಈಗ ಆ ಹೆಸರಿನ ಕೆಳಗಿದ್ದ ಹಲವು ಜಾತಿಗಳನ್ನು ಬೇರೆ ಬೇರೆ ಮಾಡಿದ್ದಾರೆ. ಹಳೆಯ ಪುಸ್ತಕದ ಹೆಸರು ಹೊಸದರಲ್ಲಿ ಕಾಣದಿದ್ದರೆ ಗಾಬರಿ ಬೇಡ.

ದೊಡ್ಡದು, ಬೂದಿ ಬಣ್ಣ, ಬೆನ್ನ ಮೇಲೆ ಅಲೆಯಲೆಯಾದ ಕಪ್ಪು ಗುರುತು, ಆದರೆ ಮೈ ನುಣ್ಣಗೆ. ಮನೆ ಪಕ್ಕ ಹುಣಸೆ ಮರವೋ ಬೇವಿನ ಮರವೋ ಇದೆಯಾ ನೋಡಿ. ಮರದ ತೊಗಟೆಯಲ್ಲಿ ಕಾಣದ ಹಾಗೆ ಅಂಟಿಕೊಂಡಿರುವ ತೊಗಟೆ ಹಲ್ಲಿ ಇದು. ದಾವಣಗೆರೆಯ ನನ್ನ ತವರಿನಲ್ಲಿ ಹಿತ್ತಲ ಬೇವು ಕಡಿಸಿದ ವಾರವೇ ಇವು ಮೂರು ಮನೆಯೊಳಗೆ ಬಂದವು. "ಎಲ್ಲಿಂದ ಬಂದ್ವೋ ಏನೋ" ಅಂತ ಅಮ್ಮ ಆಶ್ಚರ್ಯ ಪಡುತ್ತಿದ್ದರು. ಅವುಗಳ ಮನೆ ನಾವೇ ಸೌದೆ ಮಾಡಿ ಅಂಗಳದಲ್ಲಿ ಪೇರಿಸಿದ್ದೆವು.

ಹಗಲು, ನೆಲದ ಮೇಲೆ, ಹೊಳೆಯುವ ಕಂದು ಮೈ. ಹಾವುರಾಣಿ. ಬಾಗಿಲ ಸಂದಿಯಿಂದ ಬಂದು ಬೀರುವಿನ ಕೆಳಗೆ ಸೇರಿಕೊಳ್ಳುತ್ತದೆ. ಕೈಬೆರಳಿನ ದಪ್ಪ ಇದ್ದರೆ, ಬೆನ್ನ ಚಿಪ್ಪುಗಳ ಮೇಲೆ ಉದ್ದುದ್ದ ಏಣು ಕಂಡರೆ, ಅದು ಸಾಮಾನ್ಯವಾದ ದೊಡ್ಡ ಹಾವುರಾಣಿ. ಬೆದೆಗಾಲದಲ್ಲಿ ಗಂಡಿನ ಪಕ್ಕೆ ಕೆಂಪಗಾಗುತ್ತದೆ. ಹುಳುವಿನ ಹಾಗೆ ಸಪೂರ, ಲೆಕ್ಕಕ್ಕಷ್ಟೇ ಇರುವ ಪುಟ್ಟ ಕಾಲು, ಮೈ ಮೇಲೆ ಚುಕ್ಕಿಯ ಸಾಲು, ಬಾಲ ಕೆಂಪು: ಇದು ಚುಕ್ಕಿ ಹಾವುರಾಣಿಯ ಮರಿ. ಆ ಕೆಂಪು ಬಾಲ ನೋಡಿ ಬಹಳ ಜನ ಹೆದರುತ್ತಾರೆ. ಎರಗುವ ಹಕ್ಕಿ ತಲೆ ಬಿಟ್ಟು ಬಾಲ ಹಿಡಿಯಲಿ ಅಂತ ಇರುವ ಬಣ್ಣ ಅದು. ಬಾಲ ಹೋದರೆ ಇನ್ನೊಂದು ಬೆಳೆಯುತ್ತದೆ.

ಇಲ್ಲಿ ಊರಿನ ಲೆಕ್ಕವೂ ಸೇರುತ್ತದೆ. ತವರು ಭದ್ರಾ ಕಾಲುವೆಯ ನೀರಿನ ಕಡೆ, ಸುತ್ತ ಗದ್ದೆ, ತೆಂಗು. ಅಲ್ಲಿ ಮಳೆ ಜೋರಾದರೆ ಹಿತ್ತಲಿನಿಂದ ಹಾವುರಾಣಿ ಬರುವುದು ಮಾಮೂಲು. ದುರ್ಗ ಹಾಗಲ್ಲ. ಇಲ್ಲಿ ಕಾಂಪೌಂಡೂ ಕಲ್ಲು, ಹಿತ್ತಲೂ ಕಲ್ಲು, ಎದುರಿಗೆ ಕಾಣೋದೂ ಕಲ್ಲು. ಹೀಗಾಗಿ ನಮ್ಮಲ್ಲಿಗೆ ಬರುವ ಅತಿಥಿಗಳು ಬಂಡೆಯ ಕಡೆಯವು.

ಬಂಡೆ ಓತಿಯ ವಿಷಯಕ್ಕೆ ಬರೋಣ. ಕೋಟೆ ಹತ್ತಿದವರೆಲ್ಲ ನೋಡಿರುತ್ತೀರಿ. ಬಿಸಿಲಲ್ಲಿ ಬಂಡೆ ಮೇಲೆ ಕೂತು ದಂಡ ಹೊಡೆಯುತ್ತದೆ, ಮೈ ಮೇಲೆ ಕೆಂಪು ಹಳದಿ, ಪಕ್ಕೆ ಕಪ್ಪು. ಅದು ಬೆದೆಗೆ ಬಂದ ಗಂಡು, ಸ್ಯಾಮೋಫಿಲಸ್ ಡಾರ್ಸಾಲಿಸ್. ಮನೆಯೊಳಗೆ ಬರುವುದು ಅದಲ್ಲ. ಬರುವುದು ಹೆಣ್ಣು, ಮರಿ. ಅವು ಬಂಡೆಯ ಬಣ್ಣದವೇ, ಮಸಿ ಮೆತ್ತಿದ ಹಾಗೆ ಕಂದು. ಮೈ ಚಪ್ಪಟೆ, ಓತಿಕ್ಯಾತದ ಹಾಗೆ ಬೆನ್ನ ಮೇಲೆ ಮುಳ್ಳಿನ ಸಾಲು ಎದ್ದು ಕಾಣುವುದಿಲ್ಲ. ಕಲ್ಲಿನ ಮೆಟ್ಟಿಲು ಹತ್ತಿ, ತಾರಸಿ ಬಾಗಿಲಿನಿಂದ ಇಳಿದು, ಒಗೆದ ಬಟ್ಟೆಯ ರಾಶಿಯಲ್ಲಿ ಕೂರುತ್ತವೆ. ಬಾಗಿಲು ತೆಗೆದಿಟ್ಟು ಮನೆಯವರು ಹೊರಗೆ ಹೋದರೆ ತಾವಾಗೇ ಹೋಗುತ್ತವೆ. ಕೂಗಾಡಿದರೆ ಮಾತ್ರ ಬೀರುವಿನ ಹಿಂದೆ ಸೇರಿ ಸಂಜೆವರೆಗೆ ಬರುವುದಿಲ್ಲ.

ಓತಿಕ್ಯಾತಕ್ಕೆ ಬೇಲಿ ಗೂಟ ಸಾಕ್ಷಿ ಅನ್ನುತ್ತೇವಲ್ಲ, ಬೇಲಿ ಇರುವ ಕಡೆ ಅದು. ಕಿಟಕಿಯ ಬಳ್ಳಿ ಹಿಡಿದು ಒಳಗೆ ಬಂದರೆ ಓತಿಕ್ಯಾತ. ಎರೆ ಹೊಲದ ಪಕ್ಕದ ಮನೆಯ ಅಂಗಳಕ್ಕೆ ಬಂದ ಸಣ್ಣ ಓತಿಯ ಹಿಂಗಾಲಿನಲ್ಲಿ ಐದರ ಬದಲು ನಾಲ್ಕೇ ಬೆರಳು ಇದ್ದರೆ, ಗಂಟಲಲ್ಲಿ ಬೀಸಣಿಗೆಯಂಥ ಚರ್ಮ ಇದ್ದರೆ, ಅದು ಸಿತಾನ.

ನಿಧಾನ, ಬಳುಕುತ್ತಾ ಹೆಜ್ಜೆ, ಒಂದೊಂದು ಕಣ್ಣು ಒಂದೊಂದು ಕಡೆ ತಿರುಗುತ್ತದೆ: ಗೋಸುಂಬೆ. ತಪ್ಪು ಗುರುತಿಗೆ ಜಾಗವೇ ಇಲ್ಲ. ಉದ್ದ ಕುತ್ತಿಗೆ, ಮೈ ಮೇಲೆ ಹಳದಿ ಚುಕ್ಕಿ, ಹಾವಿನ ಹಾಗೆ ಸೀಳಿದ ಉದ್ದ ನಾಲಿಗೆ ಹೊರಗೆ ಒಳಗೆ ಆಡಿಸುತ್ತದೆ: ಉಡದ ಮರಿ. ಸೀಳು ನಾಲಿಗೆ ಕಾಣದಿದ್ದರೆ ಉಡ ಅನ್ನಬೇಡಿ. ಇವೆರಡಕ್ಕೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ರಕ್ಷಣೆ ಇದೆ. ಉಡ ಅದರ ಮೊದಲ ಪಟ್ಟಿಯಲ್ಲೇ ಇದೆ. ಹಿಡಿದು ಸಾಕುವುದು, ಮಾರುವುದು ಅಪರಾಧ. ಹತ್ತಿರದ ಅರಣ್ಯ ಇಲಾಖೆಯವರಿಗೆ ಹೇಳಿ.

ಪ್ರಾಣಿ ಕಾಣುತ್ತಿಲ್ಲ, ಗುರುತು ಮಾತ್ರ ಇದೆ

ಹಿಕ್ಕೆ ನೋಡಿ. ಹಲ್ಲಿಯ ಹಿಕ್ಕೆಗೆ ಕಪ್ಪು ಮೈ, ತುದಿಯಲ್ಲಿ ಬಿಳಿ ಚುಕ್ಕೆ. ಆ ಬಿಳಿ ಅದರ ಮೂತ್ರ, ನೀರು ಉಳಿಸಲು ಗಟ್ಟಿ ಮಾಡಿ ಬಿಡುತ್ತದೆ. ಇಲಿ ಹಿಕ್ಕೆಯಲ್ಲಿ ಬಿಳಿ ಇರುವುದಿಲ್ಲ. ಈ ಒಂದು ವ್ಯತ್ಯಾಸ ಗೊತ್ತಿಲ್ಲದೆ ನಾವು ಎರಡು ತಿಂಗಳು ಇಲ್ಲದ ಇಲಿಗೆ ಬೋನು ಇಟ್ಟಿದ್ದೆವು. ದಿನಾ ಬೋಂಡ ಇಡೋದು, ದಿನಾ ಬೆಳಿಗ್ಗೆ ಇರುವೆ ತಿಂದ ಬೋಂಡ ಎಸೆಯೋದು.

ಮೊಟ್ಟೆ. ಸ್ವಿಚ್ ಬೋರ್ಡ್ ಒಳಗೆ, ಫೋಟೊ ಫ್ರೇಮಿನ ಹಿಂದೆ, ಹಳೇ ಪುಸ್ತಕದ ಸಂದಿಯಲ್ಲಿ ಬಟಾಣಿ ಗಾತ್ರದ, ಬೆಳ್ಳಗೆ, ಸುಣ್ಣದ ಹಾಗೆ ಗಟ್ಟಿಯಾದ ದುಂಡು ಮೊಟ್ಟೆ, ಜೋಡಿಯಾಗಿ ಇದ್ದರೆ ಹಲ್ಲಿಯದು. ಒಂದೇ ಜಾಗದಲ್ಲಿ ಹಲವು ಹೆಣ್ಣು ಇಡುವುದರಿಂದ ಹತ್ತಾರು ಸಿಗಬಹುದು. ಹಾವಿನ ಮೊಟ್ಟೆ ಉದ್ದಕ್ಕಿರುತ್ತದೆ, ಸಿಪ್ಪೆ ತೊಗಲಿನ ಹಾಗೆ ಮೆತ್ತಗೆ. ಸ್ವಿಚ್ ಬೋರ್ಡ್ ಬಿಚ್ಚುವ ಮುಂಚೆ ಮೇನ್ ಆಫ್ ಮಾಡಿ. ನಮ್ಮ ಯುಪಿಎಸ್ ಒಂದು ದಿನ ಠುಸ್ ಅಂದಾಗ ಬ್ಯಾಟರಿ ಹೋಯಿತು ಅಂದುಕೊಂಡೆವು. ಬಿಚ್ಚಿದರೆ ಎರಡು ತಂತಿಯ ನಡುವೆ ಒಣಗಿದ ಹಲ್ಲಿ.

ಅಪಾಯ ಇರುವ ಒಂದೇ ಜಾಗ

ಹಲ್ಲಿ ಜಾಸ್ತಿ ಇರುವ ಮನೆಗೆ ಹಲ್ಲಿ ತಿನ್ನುವ ಹಾವೂ ಬರುತ್ತದೆ. ತೋಳಹಾವು ಅನ್ನುವ ಸಣ್ಣ, ಕಂದು ಮೈಯ, ಬಿಳಿ ಪಟ್ಟೆಯ ಹಾವು ಗೋಡೆ ಹತ್ತಿ ಹಲ್ಲಿ ಹಿಡಿಯುತ್ತದೆ. ವಿಷ ಇಲ್ಲ. ತೊಂದರೆ ಏನೆಂದರೆ ಅದು ಕಟ್ಟುಹಾವಿನ ಹಾಗೇ ಕಾಣುತ್ತದೆ, ಕಟ್ಟುಹಾವಿಗೆ ಮಾರಕ ವಿಷ. ತೋಳಹಾವಿನ ಪಟ್ಟೆ ಕುತ್ತಿಗೆಯ ಕಡೆ ಸ್ಪಷ್ಟ, ಬಾಲದ ಕಡೆ ಮಸುಕು. ಕಟ್ಟುಹಾವಿನದ್ದು ತಲೆಯ ಕಡೆ ಮಸುಕು, ಬಾಲದ ಕಡೆ ಸ್ಪಷ್ಟ. ಇದನ್ನು ನೀವು ಪರೀಕ್ಷೆ ಮಾಡಲಿ ಅಂತ ಹೇಳುತ್ತಿಲ್ಲ. ಪಟ್ಟೆ ಇರುವ ಯಾವ ಹಾವನ್ನೂ ಮನೆಯವರು ಮುಟ್ಟಬಾರದು, ಹಿಡಿಯುವವರನ್ನು ಕರೆಯಿರಿ.

ಇನ್ನೂ ಒಂದು ಮಾತು. ರಾತ್ರಿ ನೆಲದ ಮೇಲೆ ಮಲಗಿದ್ದಾಗ ಏನೋ ಕಚ್ಚಿತು, ಏನಂತ ಕಾಣಲಿಲ್ಲ, ನೋವೂ ಅಷ್ಟಿಲ್ಲ ಅಂದರೆ "ಹಲ್ಲಿ ಇರಬೇಕು ಬಿಡು" ಅನ್ನಬೇಡಿ. ಕಟ್ಟುಹಾವಿನ ಕಡಿತಕ್ಕೆ ಎಷ್ಟೋ ಸಲ ನೋವೇ ಇರುವುದಿಲ್ಲ, ಗುರುತೂ ಕಾಣುವುದಿಲ್ಲ. ನೇರ ಆಸ್ಪತ್ರೆಗೆ ಹೋಗಿ. ಹಲ್ಲಿಯೇ ಕಚ್ಚಿದ್ದನ್ನು ಕಣ್ಣಾರೆ ನೋಡಿದ್ದರೆ ಸೋಪು ಹಾಕಿ ತೊಳೆದರೆ ಸಾಕು.

ಸಾರಿಗೆ ಹಲ್ಲಿ ಬಿದ್ದರೆ? ವಿಷ ಇಲ್ಲ. ಆದರೆ ಅದರ ಹಿಕ್ಕೆಯಲ್ಲಿ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು, ಹೊಟ್ಟೆ ಕೆಡುತ್ತದೆ. ಚೆಲ್ಲಿಬಿಡಿ. ತಲೆ ಮೇಲೆ ಬಿದ್ದರೆ ಪಂಚಾಂಗದಲ್ಲಿ ಫಲ ನೋಡೋದು, ಕಂಚಿಯ ವರದರಾಜ ಗುಡಿಯ ಚಿನ್ನದ ಹಲ್ಲಿ ಮುಟ್ಟಿ ಬಂದವರನ್ನು ಮುಟ್ಟೋದು ನಿಮ್ಮ ಮನೆಯ ಪದ್ಧತಿ. ನಾನು ಸ್ನಾನ ಮಾಡುತ್ತೇನೆ.

ಹೊರಗೆ ಬಿಡುವುದು

ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬ ಮೇಲೆ ಕವುಚಿ, ಕೆಳಗೆ ಮದುವೆ ಪತ್ರಿಕೆಯ ರಟ್ಟು ತೂರಿಸಿ, ಹಾಗೇ ಎತ್ತಿ. ಬಾಲ ಹಿಡಿಯಬೇಡಿ. ಅಂಟಿನ ಬೋರ್ಡ್ ಬೇಡವೇ ಬೇಡ. ಅದಕ್ಕೆ ಸಿಕ್ಕಿದ ಹಲ್ಲಿ ದಿನಗಟ್ಟಲೆ ಒದ್ದಾಡಿ ಸಾಯುತ್ತದೆ. ಈಗಾಗಲೇ ಅಂಟಿಕೊಂಡಿದ್ದರೆ ಅಡುಗೆ ಎಣ್ಣೆ ಸ್ವಲ್ಪ ಸ್ವಲ್ಪವೇ ಹಚ್ಚಿ ನಿಧಾನ ಬಿಡಿಸಿ. ಮೊಟ್ಟೆ ಸಿಪ್ಪೆ, ನವಿಲುಗರಿ ಇಟ್ಟರೆ ಹಲ್ಲಿ ಬರಲ್ಲ ಅನ್ನುತ್ತಾರೆ. ನಮ್ಮ ಹಾಲ್‌ನ ಹಲ್ಲಿ ಹಗಲೆಲ್ಲ ಮಲಗುವುದು ನವಿಲುಗರಿಯ ಹಿಂದೆಯೇ. ಸಂಜೆ ಹೊತ್ತು ಬಾಗಿಲ ಪಕ್ಕದ ಲೈಟ್ ಆರಿಸಿ. ಹುಳ ಬರದಿದ್ದರೆ ಹಲ್ಲಿಗೂ ಅಲ್ಲಿ ಕೆಲಸ ಇಲ್ಲ.

ಸರಿ, ಸಿಲಿಂಡರ್ ಹಿಂದಿನದು ಏನು?

ಮೆತ್ತೆ ಇದೆ, ರೆಪ್ಪೆ ಇಲ್ಲ, ಹಾಗಾಗಿ ಹಲ್ಲಿ. ನನ್ನ ಗೋಡೆ ಹಲ್ಲಿ ಯಾಕೆ ತಪ್ಪು ಅಂತ ಫೋಟೊ ದೊಡ್ಡದು ಮಾಡಿದಾಗ ಗೊತ್ತಾಯಿತು. ಬೆನ್ನ ತುಂಬ ದಪ್ಪ ದಪ್ಪ ಗುಬುಟು, ಪ್ರತಿಯೊಂದಕ್ಕೂ ಮೂರು ಮೂಲೆ. ಮೂಗಿನಿಂದ ಕಣ್ಣಿನ ಮೂಲಕ ಹೋದ ಕಪ್ಪು ಗೆರೆ, ಅದಕ್ಕೆ ಬಿಳಿ ಅಂಚು. ಬೆನ್ನ ಮೇಲೆ ಕಂದು ಅಡ್ಡಪಟ್ಟೆ, ಅದಕ್ಕೂ ಬಿಳಿ ಅಂಚು. ಇಡೀ ಹೊತ್ತು ನೆಲ ಬಿಟ್ಟು ಎರಡು ಹೆಜ್ಜೆ ಮೇಲೆ ಹೋಗಿರಲಿಲ್ಲ. ಇದು ಹುತ್ತದ ಹಲ್ಲಿ, ಹೆಮಿಡ್ಯಾಕ್ಟೈಲಸ್ ಟ್ರೈಯೆಡ್ರಸ್ ಗುಂಪಿನದು. ಆ ಹೆಸರು ಬಂದಿದ್ದೇ ಮೂರು ಮೂಲೆಯ ಗುಬುಟಿನಿಂದ. ಗೆದ್ದಲ ಹುತ್ತ, ಕಲ್ಲಿನ ಸಂದಿ ಇದರ ಮನೆ.

ಇಲ್ಲಿ ನಾನು ಗುಂಪಿಗೇ ನಿಲ್ಲಿಸಿದೆ. 2018ರಲ್ಲಿ ಈ ಗುಂಪಿನ ದಕ್ಷಿಣ ಭಾರತದ ಒಂದು ಹಲ್ಲಿಯನ್ನು ಬೇರೆ ಜಾತಿ ಅಂತ ಗುರುತಿಸಿ, ಹಾವುಗಳ ತಜ್ಞ ರೊಮುಲಸ್ ವಿಟೇಕರ್ ಅವರ ಹೆಸರಿಟ್ಟರು. ಒಂದರಿಂದ ಇನ್ನೊಂದನ್ನು ಬಿಡಿಸಲು ಚಿಪ್ಪು ಎಣಿಸಬೇಕು, ಬೆರಳಿನ ಮಡಿಕೆ ಎಣಿಸಬೇಕು. ಅಡುಗೆಮನೆಯ ಫೋಟೊದಲ್ಲಿ ಆಗುವ ಕೆಲಸ ಅಲ್ಲ. ಫೋಟೊ ನೋಡಿದ ಕೂಡಲೇ ಪೂರ್ತಿ ಹೆಸರು ಹೇಳುವ ಆ್ಯಪ್ ಮೇಲೆ ನನಗೆ ನಂಬಿಕೆ ಕಡಿಮೆ. ನಮ್ಮ ಮೈದುನನ ಲೆಪರ್ಡ್ ಗೆಕೋ ಬಂದದ್ದು ಅಲ್ಲಿಂದಲೇ.

ಮನೆಯೊಳಗೆ ಹೇಗೆ ಬಂತು ಅನ್ನೋದು ಉಳಿಯಿತು. ಹಿಂದಿನ ಕಾಂಪೌಂಡ್ ಪಕ್ಕ ಖಾಲಿ ಸೈಟಿನಲ್ಲಿ ಒಂದು ಹುತ್ತ ಇದೆ, ನಾಗರ ಪಂಚಮಿಗೆ ಓಣಿಯವರೆಲ್ಲ ಹಾಲೆರೆಯುವುದು ಅಲ್ಲೇ. ಆ ಸಂಜೆ ಮಳೆ ನಿಂತ ಮೇಲೆ ರೆಕ್ಕೆ ಬಂದ ಗೆದ್ದಲು, ಈಚಲು ಹುಳ, ರಾಶಿ ರಾಶಿ ಎದ್ದು ನಮ್ಮ ಅಡುಗೆಮನೆಯ ಬೆಳಕಿಗೆ ಬಂದಿದ್ದವು. ಬಾಗಿಲ ಅಡಿಯಲ್ಲಿ ಒಂದು ಬೆರಳು ಹೋಗುವಷ್ಟು ಸಂದಿ. ಹುಳದ ಹಿಂದೆ ಹಲ್ಲಿ ಬಂತು.

ಅತ್ತೆಗೆ ಹುತ್ತದ ಹಲ್ಲಿ ಅಂತ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುತ್ತದ್ದಾ? ಹಂಗಾದ್ರೆ ಹುತ್ತಕ್ಕೇ ಬಿಟ್ಟು ಬಾ, ಮಳೇಲಿ ಎಲ್ಲೋ ಬಿಡಬೇಡ" ಅಂದು ಟಾರ್ಚ್ ತಂದುಕೊಟ್ಟರು. ಡಬ್ಬ ಹಿಡಿದು ಹೋದೆ. ಹಿಂದೆಯೇ ಕೊಡೆ ಹಿಡಿದು ಅವರೂ ಬಂದರು. ಮಾರನೇ ದಿನ ಬಾಗಿಲಿನ ಅಡಿಗೆ ರಬ್ಬರ್ ಪಟ್ಟಿ ಹೊಡೆಸಿದೆವು, ಎಂಬತ್ತು ರೂಪಾಯಿ ಆಯಿತು.